ಸೈನಿಕನ್ನ ಬಿಡಿ, ಮೊದ್ಲು ಅವನ ಮದುವೆ ಹುಡುಕಿ

ಹೋದ ತಿಂಗಳು ವಂಶವೃಕ್ಷ ಬರೆಯೋದು ಹೇಗೆ ಅಂತ ಒಬ್ಬರು ಕೇಳಿದ್ದಕ್ಕೆ ಊರೂರು ತಿರುಗಿ ವಂಶಾವಳಿ ಹೇಳೋ ನಮ್ಮ ಹೆಳವರ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದನ್ನ ಓದಿ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ನಮ್ಮ ವಂಶದ ಬಗ್ಗೆ ಅಲ್ಲವೇ ಅಲ್ಲ, ಬೀಗರ ವಂಶದ ಬಗ್ಗೆ! ಅದೂ ಕೆನಡಾದ ಬೀಗರು. ಮಕ್ಕಳು ಎಲ್ಲೆಲ್ಲಿಗೋ ಹೋಗಿ ನೆಲೆ ನಿಂತಿದಾರೆ, ಮೊಮ್ಮಕ್ಕಳ ಸ್ಕೂಲ್ ಪ್ರಾಜೆಕ್ಟು ಅಜ್ಜಿ ತಾತನ ತಲೆ ಮೇಲೆ ಬಂದು ಬಿದ್ದಿದೆ. ಇರಲಿ, ಈ ಸಲ ಅಂಕಣ ಪೂರ್ತಿ ಆ ಕಡೆಗೇ.

ಪ್ರಶ್ನೆ: ಸಾರ್, ನನ್ನ ಮಗ ಹದಿನಾಲ್ಕು ವರ್ಷದಿಂದ ಮಾಂಟ್ರಿಯಲ್‌ನಲ್ಲಿದಾನೆ, ಸೊಸೆ ಅಲ್ಲಿಯವಳೇ, ಫ್ರೆಂಚ್ ಮಾತಾಡೋ ಕ್ವಿಬೆಕ್‌ನವಳು, ತವರಿನ ಹೆಸರು ಲಾಫ್ಲರ್. ಒಳ್ಳೆ ಹುಡುಗಿ, ನನಗಿಂತ ಚೆನ್ನಾಗಿ ಚಕ್ಕುಲಿ ಒತ್ತುತಾಳೆ. ಮೊಮ್ಮಗನಿಗೆ ಶಾಲೆಯಲ್ಲಿ ಎರಡೂ ಕಡೆ ವಂಶವೃಕ್ಷ ಬರ್ಕೊಂಡು ಬಾ ಅಂದಿದಾರಂತೆ. ನಮ್ಮ ಕಡೆದು ಶ್ರಾದ್ಧದಲ್ಲಿ ಹೇಳೋ ಮೂರು ತಲೆಮಾರು, ಅದರ ಮೇಲೆ ಇನ್ನೊಂದು ಸೇರಿಸಿ ಬರೆದುಕೊಟ್ಟೆ. ಬೀಗರು ಮಾತ್ರ ನಮ್ಮ ಮೂಲಪುರುಷ 1665ರಲ್ಲಿ ಫ್ರಾನ್ಸ್ ರಾಜನ ಸೈನ್ಯದಲ್ಲಿ ಬಂದವನು ಅಂತಾರೆ, ಕಾಗದ ಪತ್ರ ಅಂತ ಕೇಳಿದ್ರೆ ಏನೂ ಇಲ್ಲ. ಸೊಸೆ ಹುಡುಕಿದ್ರೆ ಲಾಫ್ಲರ್ ಅನ್ನೋ ಸೈನಿಕರು ಸಾಲು ಸಾಲು ಸಿಗ್ತಾರಂತೆ, ಅದರಲ್ಲಿ ಇವರವನು ಯಾರು? ಇದು ನಿಜಾನಾ ಅಥವಾ ನಮ್ಮ ಕಡೆ ಎಲ್ಲರೂ "ನಮ್ಮ ಮುತ್ತಾತ ಮಹಾರಾಜರ ಹತ್ರ ಇದ್ರು" ಅಂತಾರಲ್ಲ, ಹಾಗಾ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಅಮ್ಮಾ, ಮಹಾರಾಜರ ಮಾತು ಕೇಳಿ ನಗು ಬಂತು, ನಮ್ಮನೆಯಲ್ಲೂ ಅಂಥ ಒಬ್ಬ ಮುತ್ತಾತ ಇದಾರೆ. ಆದ್ರೆ ನಿಮ್ಮ ಬೀಗರ ಮಾತಲ್ಲಿ ಹುರುಳಿಲ್ಲದೇ ಇಲ್ಲ. 1665 ಅಂತ ಇಸವಿ ಸಮೇತ ಹೇಳ್ತಿದಾರೆ ಅಂದ್ರೆ ಅದು ಕಾರಿನ್ಯಾನ್-ಸಾಲಿಯೇರ್ ರೆಜಿಮೆಂಟೇ. ಆಗ ಕ್ವಿಬೆಕ್ ಕಡೆಗೆ ನ್ಯೂ ಫ್ರಾನ್ಸ್ ಅಂತ ಹೆಸರು, ಸೇಂಟ್ ಲಾರೆನ್ಸ್ ನದಿ ದಡದಲ್ಲಿ ಅಲ್ಲೊಂದು ಇಲ್ಲೊಂದು ಅಂತ ಎಲ್ಲಾ ಸೇರಿ ಮೂರು ಸಾವಿರ ಚಿಲ್ಲರೆ ಫ್ರೆಂಚರು, ಅಲ್ಲಿನ ಮೂಲನಿವಾಸಿ ಇರಕ್ವಾ ಜನರ ಜೊತೆ ಮುಗಿಯದ ಜಗಳ. 14ನೇ ಲೂಯಿ 1663ರಲ್ಲಿ ವಸಾಹತನ್ನ ವ್ಯಾಪಾರಿ ಕಂಪನಿ ಕೈಯಿಂದ ತನ್ನ ಕೈಗೆ ತಗೊಂಡು, ಎರಡು ವರ್ಷ ಬಿಟ್ಟು ಸುಮಾರು 1,200 ಸೈನಿಕರನ್ನ ಕಳಿಸಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಡಗುಗಳು ಒಂದೊಂದಾಗಿ ಬಂದವು. ಬಂದವರು ರಿಶಲ್ಯು ನದಿ ಗುಂಟ ಕೋಟೆ ಕಟ್ಟಿದ್ರು. 1666ರ ಜನವರಿಯಲ್ಲಿ ಹಿಮದ ಮೇಲೆ ನಡೆಯೋಕೆ ಕಾಲಿಗೆ ಕಟ್ಟೋ ಜಾಲರಿ ಕೂಡ ಸಾಕಷ್ಟಿಲ್ಲದೆ ದಂಡೆತ್ತಿ ಹೋಗಿ ಚಳಿಗೇ ಎಷ್ಟೋ ಜನ ಸತ್ರು, ಅದೇ ವರ್ಷ ಶರತ್ಕಾಲದಲ್ಲಿ ಇನ್ನೊಂದು ಸಲ ಹೋಗಿ ಇರಕ್ವಾಗಳಲ್ಲೇ ಒಂದು ಪಂಗಡವಾದ ಮೊಹಾಕ್ ಜನರ ಹಳ್ಳಿಗಳನ್ನೂ ಚಳಿಗಾಲಕ್ಕೆ ಕೂಡಿಟ್ಟಿದ್ದ ಮೆಕ್ಕೆಜೋಳವನ್ನೂ ಸುಟ್ಟು ಬಂದ್ರು. (ಮೊಮ್ಮಗ ಇದನ್ನೂ ಪ್ರಾಜೆಕ್ಟಲ್ಲಿ ಬರೀಲಿ. ಮೂಲಪುರುಷ ಅಂದ ತಕ್ಷಣ ಬರೀ ಕುದುರೆ ಕತ್ತಿ ಚಿತ್ರ ಬರೆದ್ರೆ ಸಾಲದು, ಯಾರ ಕಣಜ ಸುಟ್ಟರು ಅನ್ನೋದೂ ಅದೇ ಕಥೆಯ ಭಾಗ.) 1667ರಲ್ಲಿ ಶಾಂತಿ ಒಪ್ಪಂದ ಆಯ್ತು, 1668ರಲ್ಲಿ ರೆಜಿಮೆಂಟನ್ನ ವಾಪಸ್ ಕರೆದ್ರು.

ನಮಗೆ ಬೇಕಾಗಿರೋದು ವಾಪಸ್ ಹೋಗದೇ ಉಳಿದವರು. ಸುಮಾರು 400 ಜನ. ಅವರನ್ನ ಸುಮ್ನೆ ಉಳಿಸಿಕೊಳ್ಳಲಿಲ್ಲ, ಸಾಮಾನ್ಯ ಸೈನಿಕನಿಗೆ 100 ಲೀವ್ರ್ ದುಡ್ಡು, ಇಲ್ಲಾಂದ್ರೆ 50 ಲೀವ್ರ್ ಜೊತೆ ಒಂದು ವರ್ಷದ ರೇಷನ್ ಅಂತ ಆಸೆ ತೋರಿಸಿದ್ರು. ಅಲ್ಲಿನ ಆಡಳಿತಗಾರ ಝಾಂ ತಾಲೋಂ ಅನ್ನೋನು ಭಾರೀ ಲೆಕ್ಕಾಚಾರದ ಮನುಷ್ಯ, ಬರೀ ಗಂಡಸರು ಇದ್ರೆ ಊರಾಗಲ್ಲ ಅಂತ ಗೊತ್ತಿತ್ತು. 1663ರಿಂದ 1673ರ ಒಳಗೆ ರಾಜನ ಖರ್ಚಲ್ಲಿ ಸುಮಾರು 800 ಹೆಣ್ಮಕ್ಕಳು ಬಂದ್ರು, ಅವರಿಗೆ "ರಾಜನ ಹೆಣ್ಮಕ್ಕಳು" ಅಂತಾನೇ ಹೆಸರು, ಎಷ್ಟೋ ಜನ ತಬ್ಬಲಿಗಳು. ಮದುವೆಯಾದವರಲ್ಲಿ ಸುಮಾರು ಜನಕ್ಕೆ 50 ಲೀವ್ರ್ ಬಳುವಳಿಯೂ ರಾಜಂದೇ. ಹತ್ತು ಮಕ್ಕಳು ಬದುಕುಳಿದ ಅಪ್ಪನಿಗೆ ವರ್ಷಕ್ಕೆ 300 ಲೀವ್ರ್ ಪಿಂಚಣಿ, ಹನ್ನೆರಡಾದ್ರೆ 400. ಹೆತ್ತವಳಿಗೆ ಏನು ಅಂತ ಕೇಳಬೇಡಿ.

ಈಗ ಹೆಸರಿನ ತರಲೆಗೆ ಬರೋಣ. ಸೈನ್ಯಕ್ಕೆ ಸೇರಿದ ಕೂಡಲೆ ಆ ಹುಡುಗರಿಗೆ ಒಂದು ಅಡ್ಡಹೆಸರು ಬೀಳ್ತಿತ್ತು. ಲಾಫ್ಲರ್ ಅಂದ್ರೆ ಹೂವು. ಲಾತ್ಯುಲಿಪ್ ಅಂದ್ರೆ ಟ್ಯುಲಿಪ್ ಹೂವು, ಲಾವಿಯೊಲೆತ್ ಇನ್ನೊಂದು ಹೂವು, ಹೂವಿನ ಅಂಗಡಿ ಇಟ್ಟಂಗೆ. ಸಾಂಸೂಸಿ ಅಂದ್ರೆ ಚಿಂತೆ ಇಲ್ಲದವ, ತ್ರಾಂಶ್‌ಮೊಂತಾನ್ಯ್ ಅಂದ್ರೆ ಬೆಟ್ಟ ಸೀಳುವವ, ವಾದಬೋಂಕರ್ ಅಂದ್ರೆ ಖುಷಿಯಾಗಿ ಹೊರಡೋನು. ದಾಖಲೆಯಲ್ಲಿ ನಿಜವಾದ ಹೆಸರು ಬರೆದು, "ದೀ" ಅಂತ ಹಾಕಿ, ಆಮೇಲೆ ಅಡ್ಡಹೆಸರು ಬರೀತಾರೆ, ದೀ ಅಂದ್ರೆ "ಅಂತ ಕರೆಯೋ" ಅಂತ. ನಮ್ಮ ಹಳ್ಳಿಯಲ್ಲಿ ರೇಷನ್ ಕಾರ್ಡಿನ ಹೆಸರು ಹೇಳಿದ್ರೆ ಪಕ್ಕದ ಮನೆಯವರಿಗೂ ಗೊತ್ತಾಗಲ್ಲ, "ಕುಳ್ಳಪ್ಪನ ಮನೆ" ಅಂದ್ರೆ ಮಗು ಕೂಡ ಬಂದು ತೋರಿಸುತ್ತೆ, ಅದೇ ಕಥೆ. ರೆಜಿಮೆಂಟಿನ ಒಂದೊಂದು ಕಂಪನಿಯಲ್ಲೂ, ಅಂದ್ರೆ ತುಕಡಿಯಲ್ಲೂ, ಒಬ್ಬ ಹೂವಪ್ಪ ಇರ್ತಿದ್ದ. 1668ರಲ್ಲಿ ಉಳಿದವರದ್ದು ಅಂತ ಒಂದು ಪಟ್ಟಿ ಇದೆ, ಕಂಪನಿವಾರು ಬರೆದದ್ದು, ಅದರಲ್ಲಿ ಬಹಳಷ್ಟು ಕಡೆ ಬರೀ ಅಡ್ಡಹೆಸರು ಅಷ್ಟೇ. ನಿಮ್ಮ ಸೊಸೆ ಸಿಕ್ಕಿಹಾಕ್ಕೊಂಡಿರೋದು ಇಲ್ಲೇ. ಅಲ್ಲಿ ಲಾಫ್ಲರ್ ಅಂತ ಕಂಡ ತಕ್ಷಣ "ಸಿಕ್ಕಿದ!" ಅಂತ ಕುಣಿದ್ರೆ ಯಾರದೋ ಮನೆಯ ತಾತನಿಗೆ ನೀವು ಪಿಂಡ ಇಟ್ಟಂಗಾಗುತ್ತೆ.

ಅದಕ್ಕೇ ನಾನು ಹೇಳೋದು, ಸೈನಿಕನಿಂದ ಶುರು ಮಾಡಲೇಬೇಡಿ. ಸೊಸೆಯಿಂದ ಶುರು ಮಾಡಿ, ಹಿಂದಕ್ಕೆ ಹೋಗಿ, ಪ್ರತಿ ಹೆಜ್ಜೆಗೂ ಒಂದು ಮದುವೆ ದಾಖಲೆ. ಸೊಸೆಯ ಅಪ್ಪ ಅಮ್ಮನ ಮದುವೆ, ಅವರಪ್ಪನ ಅಪ್ಪ ಅಮ್ಮನ ಮದುವೆ, ಹೀಗೆ ಹನ್ನೊಂದೋ ಹನ್ನೆರಡೋ ಮದುವೆ ಸಿಕ್ಕಿದ್ರೆ 1670ರ ಹತ್ತಿರ ಹೋಗಿ ನಿಲ್ತೀರಿ. ಹುಟ್ಟು ಸಾವಿನ ದಾಖಲೆ ಯಾಕಲ್ಲ, ಮದುವೆನೇ ಯಾಕೆ ಅಂದ್ರೆ, ಕ್ವಿಬೆಕ್‌ನ ಕ್ಯಾಥೊಲಿಕ್ ಪಾದ್ರಿಗಳು ಮದುವೆ ಬರೆಯುವಾಗ ಗಂಡಿನ ಅಪ್ಪ ಅಮ್ಮ, ಹೆಣ್ಣಿನ ಅಪ್ಪ ಅಮ್ಮ ನಾಲ್ಕೂ ಹೆಸರು ಹಾಕ್ತಿದ್ರು, ಹೆಂಗಸರದ್ದು ತವರಿನ ಹೆಸರೇ. ನಮ್ಮಲ್ಲಿ ಹೆಣ್ಣು ಗಂಡನ ಮನೆ ಸೇರಿದ್ರೆ ವಂಶವೃಕ್ಷದಿಂದಾನೇ ಮಾಯ, ಹೆಳವರ ಕವಲಲ್ಲೂ ಗಂಡು ಮಕ್ಕಳದ್ದೇ ಸಾಲು. ಅಲ್ಲಿ ಹಾಗಿಲ್ಲ, ಗಂಡ ಒಂದು ಕಾಗದದಲ್ಲಿ ನಿಜವಾದ ಹೆಸರು, ಇನ್ನೊಂದರಲ್ಲಿ ಲಾಫ್ಲರ್, ಮೂರನೇದರಲ್ಲಿ ಎರಡೂ ಅಂತ ವೇಷ ಹಾಕ್ತಾ ಇರ್ತಾನೆ, ಮಕ್ಕಳಲ್ಲೂ ಒಬ್ಬ ಆ ಹೆಸರು ಇನ್ನೊಬ್ಬ ಈ ಹೆಸರು ಹಿಡ್ಕೊಂಡು ಹೋಗ್ತಾನೆ, ಆದ್ರೆ ಹೆಂಡತಿ ಹೆಸರು ಮದುವೆಯಿಂದ ಮಣ್ಣಾಗೋವರೆಗೆ ಅದೇ. ಆ ಹೆಸರೇ ನಿಮ್ಮ ಗೂಟ. ಎರಡು ಲಾಫ್ಲರ್‌ಗಳು ಒಬ್ಬನೇನಾ ಬೇರೆ ಬೇರೆನಾ ಅಂತ ಅನುಮಾನ ಬಂದ್ರೆ ಹೆಂಡತಿ ಯಾರು ಅಂತ ನೋಡಿ, ಮುಗೀತು.

ಒಂದು ಕಡೆ ಎಡವುತ್ತೀರಿ, ಮೊದಲೇ ಹೇಳ್ಬಿಡ್ತೀನಿ. ಎರಡನೇ ಮದುವೆ ಆಗಿದ್ರೆ ಪಾದ್ರಿ ಅಪ್ಪ ಅಮ್ಮನ ಹೆಸರು ಬಿಟ್ಟು "ತೀರಿಕೊಂಡ ಇಂಥವಳ ವಿಧುರ" ಅಂತಷ್ಟೇ ಬರೆದಿರ್ತಾನೆ. ಆಗ ಮೊದಲನೇ ಮದುವೆ ಹುಡುಕಬೇಕು. ಇನ್ನೊಂದು, ದಿನಾಂಕ. ಹಳೇ ಪುಸ್ತಕದಲ್ಲಿ ಇಸವಿಯನ್ನ ಅಂಕಿಯಲ್ಲಿ ಬರೆಯಲ್ಲ, "ಸಾವಿರದ ಆರುನೂರ ಎಪ್ಪತ್ತೆರಡು" ಅಂತ ಉದ್ದಕ್ಕೆ ಅಕ್ಷರದಲ್ಲಿ, ಆದ್ರೆ ತಿಂಗಳನ್ನ ಮಾತ್ರ ಕಂಜೂಸಿತನ ಮಾಡಿ 7 ಅಂತ ಬರೆದು ಬಾಲಕ್ಕೆ "ಬ್ರ" ಅಂತ ಸೇರಿಸಿರ್ತಾರೆ. ಅದು ಏಳನೇ ತಿಂಗಳು ಜುಲೈ ಅಲ್ಲ, ಸೆಪ್ಟೆಂಬರ್! ಸೆಪ್ಟ್ ಅಂದ್ರೆ ಫ್ರೆಂಚಲ್ಲಿ ಏಳು. ಹಾಗೇ 8 ಅಂದ್ರೆ ಅಕ್ಟೋಬರ್, 9 ಅಂದ್ರೆ ನವೆಂಬರ್. ನಮ್ಮ ಅಕ್ಕನ ಸೊಸೆ ಕಡೆಯವರಿಗೆ ಹುಡುಕಿಕೊಡೋಕೆ ಹೋಗಿ ಇದೊಂದು ಗೊತ್ತಿಲ್ದೆ ನಾನು ಎರಡು ವಾರ ಜುಲೈ ತಿಂಗಳಲ್ಲೇ ಬಿದ್ದಿದ್ದೆ, ಮಗುವಿನ ನಾಮಕರಣ ಮದುವೆಗಿಂತ ಮೊದಲಾಗಿ ಹೋಯ್ತಲ್ಲ ಅಂತ ಆ ಪುಣ್ಯಾತ್ಗಿತ್ತಿ ಬಗ್ಗೆ ಏನೇನೋ ಯೋಚನೆ ಮಾಡಿ, ಛೆ.

ಎಲ್ಲಿ ಹುಡುಕೋದು ಅಂದ್ರಾ? 1994ರವರೆಗೂ ಕ್ವಿಬೆಕ್‌ನಲ್ಲಿ ಚರ್ಚಿನ ರಿಜಿಸ್ಟರೇ ಸರ್ಕಾರಿ ದಾಖಲೆ ಕೂಡ ಆಗಿತ್ತು, ಅದಕ್ಕೇ ಅಷ್ಟು ಚೆನ್ನಾಗಿ ಉಳಿದಿದೆ, ಎರಡು ಪ್ರತಿ ಬರೆದು ಒಂದನ್ನ ಕೋರ್ಟಿಗೆ ಕೊಡೋ ಪದ್ಧತಿ ಬೇರೆ. ಮೊದಲ ಮೂರ್ನಾಲ್ಕು ತಲೆಮಾರು ಮನೆಯಲ್ಲೇ ಕೇಳಿ, ಬೀಗಿತ್ತಿಯ ಅಮ್ಮನ ಮದುವೆ ಸರ್ಟಿಫಿಕೇಟು ಯಾವುದಾದರೂ ಬಿಸ್ಕತ್ ಡಬ್ಬಿಯಲ್ಲಿ ಇದ್ದೇ ಇರುತ್ತೆ. ಅಲ್ಲಿಂದ ಹಿಂದಕ್ಕೆ ದ್ರುವ್ಯಾಂ ಸಂಗ್ರಹ ಅಂತ ಇದೆ, 1940ರ ದಶಕದಲ್ಲಿ ಊರೂರಿನ ರಿಜಿಸ್ಟರುಗಳನ್ನ ಮೈಕ್ರೋಫಿಲ್ಮ್ ಮಾಡಿಸಿದ್ದು. 1800ಕ್ಕಿಂತ ಹಿಂದಿನದಕ್ಕೆ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1966ರಲ್ಲಿ ಶುರು ಮಾಡಿದ ಜನಸಂಖ್ಯಾ ಇತಿಹಾಸದ ಡೇಟಾಬೇಸ್ ಇದೆ, 1621ರಿಂದ ಇರೋ ಎಲ್ಲ ಕ್ಯಾಥೊಲಿಕ್ ನಾಮಕರಣ, ಮದುವೆ, ಸಮಾಧಿಗಳನ್ನ ಒಂದಕ್ಕೊಂದು ಜೋಡಿಸಿಟ್ಟಿದಾರೆ, ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ. ಪಾದ್ರಿ ಸಿಪ್ರಿಯಾಂ ತಾಂಗೇ 1871ರಿಂದ 1890ರವರೆಗೆ ಏಳು ಸಂಪುಟದ ವಂಶಾವಳಿ ನಿಘಂಟು ತಂದ, ಅದು ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ಆದ್ರೆ ತಪ್ಪುಗಳು ಜಾಸ್ತಿ, ಸುಳಿವಿಗೆ ಇಟ್ಕೊಳ್ಳಿ, ಸಾಕ್ಷಿಗೆ ಬೇಡ.

ಇದು ಬರೀ ಬಾಯಿಮಾತಲ್ಲ ಅಂತ ತೋರಿಸೋಕೆ ಒಂದು ಉದಾಹರಣೆ ಕೊಡ್ತೀನಿ. ಫ್ರಾನ್ಸ್ವಾ ಸೆಗ್ಯಾಂ ದೀ ಲಾದೆರೂತ್ ಅಂತ ಒಬ್ಬ ಸೈನಿಕ. ಲಾದೆರೂತ್ ಅಂದ್ರೆ ಯುದ್ಧದಲ್ಲಿ ಸೋತು ದಿಕ್ಕಾಪಾಲಾಗಿ ಓಡೋದು, ಅಂಥ ಹೆಸರು ಅವನಿಗೆ ಯಾರು ಇಟ್ರೋ! 1672ರ ಅಕ್ಟೋಬರ್ ಕೊನೆಯಲ್ಲಿ ಮಾಂಟ್ರಿಯಲ್ ಎದುರು ದಡದ ಬೂಶರ್ವಿಲ್‌ನಲ್ಲಿ ಝಾನ್ ಪೆತೀ ಅನ್ನೋ ಲಾ ರೊಶೆಲ್ ಕಡೆಯ "ರಾಜನ ಮಗಳ" ಜೊತೆ ಮದುವೆ. ಅವನ ಊರು ಫ್ರಾನ್ಸಿನ ಬೋವೆ ಹತ್ತಿರದ ಸ್ಯಾಂತೊಬ್ಯಾಂ-ಆಂ-ಬ್ರೇ, ಅಲ್ಲಿನ ಚರ್ಚಲ್ಲಿ 1644ರ ನಾಮಕರಣದ ದಾಖಲೆ ಸಿಕ್ಕಿದೆ. ಮೊದಲು ಕ್ವಿಬೆಕ್ ಕಡೆ ಸರಪಳಿ ಭದ್ರ ಮಾಡ್ಕೊಂಡು ಆಮೇಲೇ ಸಮುದ್ರ ದಾಟಿದ್ದಕ್ಕೆ ಅದು ಸಾಧ್ಯ ಆಯ್ತು. ಹಾಗೆ ಸಮುದ್ರದ ಆ ಕಡೆ ದಾಖಲೆ ಪತ್ತೆಯಾದವರನ್ನೆಲ್ಲ ಫಿಶಿಯೇ ಒರಿಜಿನ್ ಅನ್ನೋ ಪಟ್ಟಿಯಲ್ಲಿ ಹಾಕಿಟ್ಟಿದಾರೆ, ನಿಮ್ಮ ಹೂವಪ್ಪನ ನಿಜವಾದ ಹೆಸರು ಸಿಕ್ಕ ಮೇಲೆ ಅದನ್ನ ನೋಡಿ, ಅದಕ್ಕಿಂತ ಮುಂಚೆ ಬೇಡ.

ಕೊನೆಗೆ ಒಂದು ಮಾತು, ಇದು ಬೀಗರಿಗೆ ಸ್ವಲ್ಪ ಕಹಿಯಾಗಬಹುದು. ಅಪ್ಪನ ಅಪ್ಪ ಅಂತ ಹಿಡಿದು ಹೋದ ಲಾಫ್ಲರ್ 1665ರವನು ಅಲ್ಲದೇ ಇರಬಹುದು, 1683ರ ನಂತರ ನೌಕಾ ಇಲಾಖೆಯ ಕಂಪನಿಗಳಲ್ಲಿ ಬಂದ ಸೈನಿಕರಿಗೂ ಇಂಥವೇ ಹೆಸರು, ಅವರಲ್ಲೂ ಎಷ್ಟೋ ಜನ ಅಲ್ಲೇ ಮದುವೆಯಾಗಿ ಉಳಿದ್ರು. ಆದ್ರೆ ಬೇಜಾರಾಗೋದು ಬೇಡ. ಹನ್ನೊಂದು ತಲೆಮಾರು ಹಿಂದೆ ಹೋದ್ರೆ ಲೆಕ್ಕಕ್ಕೆ 2,048 ಜನ ಪೂರ್ವಜರು, ಆಗ ಇದ್ದ ಜನಾನೇ ಅಷ್ಟು ಕಮ್ಮಿ, ಹಾಗಾಗಿ ಹಳೇ ಕ್ವಿಬೆಕ್ ಮನೆತನದಲ್ಲಿ ಯಾವುದೋ ಒಂದು ಅಜ್ಜಿ ಕಡೆಯಿಂದ ಕಾರಿನ್ಯಾನ್ ಸೈನಿಕ ಒಬ್ಬ ಬಂದೇ ಬಂದಿರ್ತಾನೆ. ಲಾಫ್ಲರ್ ಹೆಸರಲ್ಲಿ ಸಿಗದಿದ್ರೆ ಅಜ್ಜಿಯರ ಕಡೆ ಹೋಗಿ.

ಪ್ರಶ್ನೆ: ಸರ ನಮಸ್ಕಾರ. ನಾನು ರಿಟೈರ್ಡ್ ಮಾಸ್ತರ, ಮಗಳ ಮನಿ ಒಟ್ಟಾವಾದಾಗ ಐತಿ, ಹ್ವಾದ ವರ್ಷ ಆರು ತಿಂಗಳ ಅಲ್ಲೇ ಇದ್ದೆ. ಬಾಜೂ ಮನಿ ಅಜ್ಜಿ ಫ್ರೆಂಚ್ ಮಂದಿ, ಅಕಿ ಮುತ್ಯಾನ ಮುತ್ಯಾ ಸೈನಿಕ ಇದ್ನಂತ, ರಾಜ ಅವಗ ಹೊಲಾ ಕೊಟ್ಟಿದ್ನಂತ. ಎಷ್ಟ ಎಕರೆ ಕೊಡತಿದ್ರ್ರೀ? ನಮ್ಮ ಕಡೆ ಉತಾರ ತಗಿಸಿದಂಗ ಅಲ್ಲೂ ಏನರ ಸಿಗತೈತೇನು?
(ಓದುಗರು, ಧಾರವಾಡ)

ಉತ್ತರ: ಮಾಸ್ತರ್ ಸಾಹೇಬ್ರ, ಸಿಗತೈತಿ, ಅದೂ ಭರ್ಜರಿ ಸಿಗತೈತಿ. ಆದ್ರೆ ರಾಜ ನೇರವಾಗಿ ಸೈನಿಕನ ಕೈಗೆ ಹೊಲ ಕೊಡ್ಲಿಲ್ಲ. ದೊಡ್ಡ ದೊಡ್ಡ ತುಂಡನ್ನ ಅಧಿಕಾರಿಗಳಿಗೆ ಕೊಟ್ಟ, ನಮ್ಮ ಜಹಗೀರು ಇದ್ದಂಗೆ ಅಂತ ಇಟ್ಕೊಳ್ಳಿ. 1672ರಲ್ಲಿ ತಾಲೋಂ ಹಾಗೆ ಸುಮಾರು ಜಹಗೀರು ಹಂಚಿದ, ರೆಜಿಮೆಂಟಿನ ಕ್ಯಾಪ್ಟನ್‌ಗಳ ಹೆಸರೇ ಇವತ್ತಿಗೂ ಅಲ್ಲಿನ ಊರುಗಳಿಗೆ ಇದೆ, ಸೊರೆಲ್, ಶಾಂಬ್ಲಿ, ಕಾಂತ್ರಕರ್, ಬೆರ್ತಿಯೇ. ವೆರ್ಶೇರ್ ಅಂತ ಇನ್ನೊಂದು ಊರು, ಅದರ ಜಹಗೀರುದಾರನೂ ಇದೇ ರೆಜಿಮೆಂಟಿನವನು, ಅವನ ಮಗಳು ಮದಲೇನ್ 1692ರಲ್ಲಿ ಹದಿನಾಲ್ಕನೇ ವಯಸ್ಸಲ್ಲಿ ಕೋಟೆ ಕಾಯ್ದಳು ಅಂತ ಅಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ, ನಮಗೆ ಓಬವ್ವ ಇದ್ದಂಗೆ. ಆ ಕ್ಯಾಪ್ಟನ್ ತನ್ನ ಕೈಕೆಳಗಿದ್ದ ಸೈನಿಕರನ್ನೇ ಕರೆಸಿ ಹೊಲ ಕೊಟ್ಟು ಕೂರಿಸ್ತಿದ್ದ. ಅಂದ್ರೆ ಅಜ್ಜಿ ಪೂರ್ವಜ ಯಾವ ಊರಲ್ಲಿ ನೆಲೆಸಿದ ಅಂತ ಗೊತ್ತಾದ್ರೆ ಯಾವ ಕಂಪನಿಯವನು ಅಂತ ಊಹಿಸಬಹುದು. ಊಹೆ ಅಷ್ಟೇ ಮತ್ತೆ.

ಹೊಲದ ಆಕಾರ ನೋಡಿದ್ರೆ ನೀವು ನಗ್ತೀರಿ. ಎಲ್ಲರಿಗೂ ನದಿ ಬೇಕು, ಯಾಕಂದ್ರೆ ರಸ್ತೆನೇ ನದಿ. ಹಾಗಾಗಿ ನದಿ ಮುಂಗಡೆ ಮೂರು ಅರ್ಪಾಂ ಅಗಲ, ಹಿಂದಕ್ಕೆ ಕಾಡೊಳಗೆ ಮೂವತ್ತು ಅರ್ಪಾಂ ಉದ್ದ, ರಿಬ್ಬನ್ ಕತ್ತರಿಸಿದಂಗೆ. ಅರ್ಪಾಂ ಅಂದ್ರೆ ಉದ್ದ ಅಳೆಯೋವಾಗ ಸುಮಾರು 58 ಮೀಟರು, ಜಾಗ ಅಳೆಯೋವಾಗ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 34 ಗುಂಟೆ. 90 ಅರ್ಪಾಂ ಅಂದ್ರೆ 76 ಎಕರೆ ಆಯ್ತು. ಬಾಯಿ ತೆಗೀಬೇಡಿ, ಅಷ್ಟೂ ಕಾಡು. ಕೊಡಲಿ ಹಿಡಿದು ಮರ ಕಡಿದು ಬೇರು ಕಿತ್ತು ವರ್ಷಕ್ಕೆ ಒಂದೋ ಎರಡೋ ಅರ್ಪಾಂ ಸಾಗುವಳಿಗೆ ಬಂದ್ರೆ ಹೆಚ್ಚು. ಜಹಗೀರುದಾರನಿಗೆ ವರ್ಷಕ್ಕೆ ಸಣ್ಣ ಕಂದಾಯ, ಅವನ ಗಿರಣಿಯಲ್ಲೇ ಕಾಳು ಬೀಸಿಸಬೇಕು, ಬೀಸಿದ್ದಕ್ಕೆ ಹದಿನಾಲ್ಕರಲ್ಲಿ ಒಂದು ಪಾಲು ಅವನಿಗೆ. ಈ ಪದ್ಧತಿ ಕಾನೂನಿನಲ್ಲಿ ಹೋಗಿದ್ದು 1854ರಲ್ಲಿ, ಆದ್ರೆ ಹೊಲದ ರಿಬ್ಬನ್ನು ಹೋಗಿಲ್ಲ, ಮುಂದಿನ ಸಲ ಮಗಳ ಮನೆಗೆ ಹೋಗುವಾಗ ಮಾಂಟ್ರಿಯಲ್‌ನಲ್ಲಿ ವಿಮಾನ ಇಳಿಯೋದಿದ್ರೆ ಕಿಟಕಿ ಸೀಟು ತಗೊಳ್ಳಿ.

ಉತಾರಕ್ಕೆ ಸಮ ಅಂದ್ರೆ 1681ರ ಜನಗಣತಿ. ಒಂದೊಂದು ಮನೆಗೆ ಒಂದೊಂದು ಸಾಲು, ಯಜಮಾನನ ಹೆಸರು, ವಯಸ್ಸು, ಹೆಂಡತಿಯ ತವರಿನ ಹೆಸರು, ವಯಸ್ಸು, ಮಕ್ಕಳು ಒಬ್ಬೊಬ್ಬರಾಗಿ, ಆಮೇಲೆ ಬಂದೂಕು ಎಷ್ಟು, ದನ ಎಷ್ಟು, ಸಾಗುವಳಿ ಆದ ಅರ್ಪಾಂ ಎಷ್ಟು. ಒಂದು ಬಂದೂಕು, ಎರಡು ದನ, ಆರು ಅರ್ಪಾಂ. ಇಷ್ಟು ಓದಿದ್ರೆ ಮನುಷ್ಯ ಕಣ್ಮುಂದೆ ಬಂದು ನಿಲ್ತಾನೆ, ಅವನ ಸಂಸಾರ ಎಷ್ಟರದ್ದು ಅಂತ ಗೊತ್ತಾಗುತ್ತೆ. (ವಯಸ್ಸನ್ನ ಮಾತ್ರ ನಂಬಬೇಡಿ, ನಮ್ಮ ಹಳೇ ಶಾಲಾ ದಾಖಲಾತಿಯಲ್ಲಿ ಎಲ್ಲರೂ ಜೂನ್ 1ಕ್ಕೆ ಹುಟ್ಟಿದಂಗೆ ಅಲ್ಲೂ ಎಲ್ಲರಿಗೂ 30, 40, 50.) ಇದರ ಜೊತೆ ನೋಟರಿ ಕಾಗದಗಳು. ಅಲ್ಲಿ ಬಡವನೂ ಮದುವೆಗೆ ಮುಂಚೆ ನೋಟರಿ ಹತ್ರ ಕರಾರು ಬರೆಸ್ತಿದ್ದ, ಹೊಲ ಕೊಂಡ್ರೆ, ಮಾರಿದ್ರೆ, ಹಸು ಬಾಡಿಗೆಗೆ ತಗೊಂಡ್ರೂ ನೋಟರಿ. ಚರ್ಚಿನ ಪುಸ್ತಕ ಸುಟ್ಟು ಹೋಗಿರೋ ಕಡೆ ಈ ಕರಾರೇ ಕಾಪಾಡೋದು. ಕ್ವಿಬೆಕ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದ ವೆಬ್‌ಸೈಟಲ್ಲಿ ಸ್ಕ್ಯಾನ್ ಮಾಡಿ ಬಿಟ್ಟಿದಾರೆ, ಕಾಸಿಲ್ಲ. ಕರಾರಿನ ಕೊನೆಗೆ "ಸಹಿ ಮಾಡೋಕೆ ಬರೋದಿಲ್ಲ ಅಂತ ಹೇಳಿದರು" ಅಂತ ಒಂದು ಸಾಲು ಇರುತ್ತೆ, ಬಹುಪಾಲು ಸೈನಿಕರದ್ದು ಅದೇ. ಅಪರೂಪಕ್ಕೆ ವಕ್ರ ವಕ್ರವಾಗಿ ಒಂದು ಸಹಿ ಕಂಡ್ರೆ ಅಜ್ಜಿಗೆ ಪ್ರಿಂಟ್ ತೆಗೆಸಿ ಕೊಡಿ, ಅದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ.

ಪ್ರಶ್ನೆ: ಒಂದು ಕಂಪನಿಯವರು ನನ್ನ ಹೆಂಡತಿ ಮನೆತನದ (ಫ್ರೆಂಚ್ ಕೆನಡಿಯನ್) ಲಾಂಛನ ಅಂತ ಗುರಾಣಿ ಚಿತ್ರ ಫ್ರೇಮ್ ಹಾಕಿ ಕೊಡ್ತಾರಂತೆ, ಜೊತೆಗೆ ಡಿಎನ್ಎ ಕಿಟ್ಟು. ತಗೊಳ್ಳಲಾ?
(ಓದುಗರು, ಬೆಂಗಳೂರು)

ಉತ್ತರ: ಗುರಾಣಿ ಬೇಡ ಸಾರ್. ಲಾಂಛನ ಅಂತ ಇದ್ರೆ ಅದು ಒಬ್ಬ ವ್ಯಕ್ತಿಗೂ ಅವನ ಸಂತಾನಕ್ಕೂ ಸೇರಿದ್ದು, ಹೆಸರು ಒಂದೇ ಆಗಿದ್ದಕ್ಕೆಲ್ಲ ಹಂಚೋಕೆ ಬರಲ್ಲ. ಸಹಿ ಮಾಡೋಕೆ ಬರದ ಸೈನಿಕನಿಗೆ ಸಿಂಹದ ಲಾಂಛನ ಎಲ್ಲಿಂದ ಬಂತು? ಡಿಎನ್ಎ ಮಾಡಿಸಿ, ತಪ್ಪಿಲ್ಲ, ಆದ್ರೆ ಹಳೇ ಕ್ವಿಬೆಕ್‌ನವರು ಒಬ್ಬರಿಗೊಬ್ಬರು ಹತ್ತಾರು ದಾರಿಯಲ್ಲಿ ನೆಂಟರು, ಹಾಗಾಗಿ ಕಿಟ್ಟು "ಥರ್ಡ್ ಕಸಿನ್" ಅಂತ ತೋರಿಸಿದವರು ನಿಜವಾಗಿ ಇನ್ನೂ ದೂರದವರಾಗಿರ್ತಾರೆ. ಫ್ರಾನ್ಸಿನ ನೆಂಟರು ಆ ಪಟ್ಟಿಯಲ್ಲಿ ಕಾಣೋದೂ ಕಮ್ಮಿ, ಅಲ್ಲಿ ಕುತೂಹಲಕ್ಕೆ ಅಂತ ಇಂಥ ಟೆಸ್ಟ್ ಮಾಡಿಸೋದೇ ಕಾನೂನುಬಾಹಿರ, 3,750 ಯೂರೋವರೆಗೆ ದಂಡ.

ಪ್ರಶ್ನೆ: ನಮ್ಮ ಆಫೀಸಿನ ಸಹೋದ್ಯೋಗಿ ಒಬ್ಬರ ಹೆಸರು ಗ್ರೀನ್‌ವುಡ್, ಅಪ್ಪಟ ಇಂಗ್ಲಿಷ್ ಹೆಸರು, ಆದ್ರೆ ಅವರಜ್ಜಿ ಫ್ರೆಂಚಲ್ಲೇ ಜಪ ಮಾಡ್ತಿದ್ರಂತೆ. ನಿಮ್ಮ ಕನ್ನಡ ಮ್ಯಾಗಜೀನಲ್ಲಿ ಇದಕ್ಕೆ ಉತ್ತರ ಸಿಗುತ್ತಾ ಅಂತ ತಮಾಷೆ ಮಾಡಿದ್ರು, ಅದಕ್ಕೇ ಕೇಳ್ತಿದೀನಿ.
(ಓದುಗರು, ಲೋವೆಲ್, ಮ್ಯಾಸಚೂಸೆಟ್ಸ್)

ಉತ್ತರ: ಸಿಗುತ್ತೆ ಅಂತ ಹೇಳಿ! ಬ್ವಾವೆರ್ ಅನ್ನೋ ಹೆಸರನ್ನ ಒಡೆದ್ರೆ ಬ್ವಾ ಅಂದ್ರೆ ಮರ ಅಥವಾ ಕಾಡು, ವೆರ್ ಅಂದ್ರೆ ಹಸಿರು. ಗ್ರೀನ್‌ವುಡ್. 1840ರಿಂದ 1930ರವರೆಗೆ ಹೆಚ್ಚುಕಮ್ಮಿ 9 ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಹೋದ್ರು, ಬಹಳ ಜನ ನಿಮ್ಮ ಲೋವೆಲ್ ಥರದ ಊರುಗಳ ಬಟ್ಟೆ ಗಿರಣಿಗಳಿಗೇ. ಅಲ್ಲಿ ಗುಮಾಸ್ತನಿಗೆ ಬಾಯಿ ತಿರುಗಲ್ಲ, ಇವರಿಗೂ ದಿನಾ ಸ್ಪೆಲ್ಲಿಂಗ್ ಹೇಳಿ ಸಾಕಾಗುತ್ತೆ, ಹಾಗೆ ಲಾಪಿಯೇರ್ ಹೋಗಿ ಸ್ಟೋನ್ ಆದ, ಲಬ್ಲಾಂ ವೈಟ್ ಆದ, ರ್ವಾ ಅನ್ನೋನು ಕಿಂಗ್ ಆದ. ಅದಕ್ಕಿಂತ ಮುಂಚೆ "ದೀ" ಹೆಸರಿನ ಗೊಂದಲ ಬೇರೆ ಇತ್ತಲ್ಲ, ಅಂದ್ರೆ ಒಂದೇ ವಂಶ ಮೂರು ಹೆಸರು ಬದಲಾಯಿಸಿರಬಹುದು. ಗ್ರೀನ್‌ವುಡ್ ಅಂತ ಕ್ವಿಬೆಕ್‌ನಲ್ಲಿ ಹುಡುಕಿದ್ರೆ ಶೂನ್ಯ. ಲೋವೆಲ್ ಸುತ್ತಮುತ್ತ ಫ್ರೆಂಚರೇ ಕಟ್ಟಿಕೊಂಡಿದ್ದ ಚರ್ಚುಗಳಿವೆ, ಅಲ್ಲಿನ ಮದುವೆ ಪುಸ್ತಕದಲ್ಲಿ ಪಾದ್ರಿ ಫ್ರೆಂಚನೇ ಆಗಿರ್ತಾನೆ, ನಿಜವಾದ ಹೆಸರು ಬರೆದಿರ್ತಾನೆ, ಆ ಅಜ್ಜಿ ತಾತನ ಮದುವೆ ಅಲ್ಲಿ ಹುಡುಕಿ, ಆಮೇಲೆ ಗಡಿ ದಾಟಿ.

ಪ್ರಶ್ನೆ: ನಮ್ಮೂರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಹೈದರಾಲಿ ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಇಲ್ಲಿ ಇದ್ರು ಅಂತ ತಾತ ಹೇಳ್ತಿದ್ರು. ಅವರಲ್ಲಿ ಯಾರಾದ್ರೂ ಇಲ್ಲೇ ಉಳಿದ್ರಾ, ಅಂಥವರ ವಂಶ ಹುಡುಕೋಕೆ ದಾರಿ ಇದೆಯಾ?
(ಓದುಗರು, ಪಾಂಡವಪುರ)

ಉತ್ತರ: ತಾತ ಹೇಳಿದ್ದು ಸರಿ, ನಿಮ್ಮೂರ ಬಂಡೆಗಳ ಹತ್ತಿರ ಅವರ ಠಾಣ್ಯ ಇದ್ದಿದ್ದಕ್ಕೇ ಆ ಹೆಸರು. 1761ರಲ್ಲಿ ಪಾಂಡಿಚೇರಿ ಇಂಗ್ಲಿಷರ ಪಾಲಾದಾಗ ಕೆಲಸ ಕಳ್ಕೊಂಡ ಫ್ರೆಂಚ್ ಸೈನಿಕರಲ್ಲಿ ಒಂದಷ್ಟು ಜನ ಹೈದರನ ಕಡೆ ಬಂದ್ರು, ಮುಂದೆ ಲಾಲಿ ಅನ್ನೋನ ತುಕಡಿ ಬಹಳ ವರ್ಷ ಅಪ್ಪ ಮಗ ಇಬ್ಬರ ಹತ್ರಾನೂ ಇತ್ತು. ಕೊನೆಯ ಗುಂಪು ಬಂದದ್ದು 1798ರ ಏಪ್ರಿಲ್‌ನಲ್ಲಿ, ಮಾರಿಷಸ್‌ನಿಂದ ಮಂಗಳೂರಿಗೆ ಇಳಿದ ನೂರರಷ್ಟು ಜನ, ಟಿಪ್ಪು ಸಾವಿರಗಟ್ಟಲೆ ಬರ್ತಾರೆ ಅಂತ ಕಾಯ್ತಿದ್ದ, ಬಂದದ್ದು ಅಷ್ಟೇ.

ಆದ್ರೆ ಕ್ವಿಬೆಕ್ ಥರ ಇಲ್ಲಿ ಸಲೀಸಲ್ಲ, ಯಾಕಂದ್ರೆ ಇವರು ರಾಜನ ಹೊಲ ತಗೊಂಡು ನೆಲೆಸಿದವರಲ್ಲ, ಸಂಬಳಕ್ಕೆ ದುಡಿದವರು, ಸಂಬಳ ನಿಂತರೆ ಇನ್ನೊಬ್ಬ ರಾಜನ ಹತ್ರ. ನಿಮ್ಮ ದಾರಿ ಪಾಂಡಿಚೇರಿ ಮೂಲಕ. ಅಲ್ಲಿನ ನಾಮಕರಣ, ಮದುವೆ, ಸಮಾಧಿ ದಾಖಲೆ 1676ರಿಂದ ಇವೆ, ಮಾಹೆ, ಕಾರೈಕಲ್, ಯಾನಂ, ಚಂದ್ರನಗರದ್ದೂ ಸೇರಿ ಫ್ರಾನ್ಸಿನ ಎಕ್ಸ್-ಆಂ-ಪ್ರೊವಾನ್ಸ್‌ನ ಸಾಗರೋತ್ತರ ಪತ್ರಾಗಾರದವರು ಆನ್‌ಲೈನಲ್ಲಿ ಹಾಕಿದಾರೆ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಹಡಗಲ್ಲಿ ಬಂದ ಸೈನಿಕ ಆದ್ರೆ ಲೋರಿಯಾಂ ಬಂದರಿನ ಪತ್ರಾಗಾರದಲ್ಲಿ ಹಡಗಿನ ಜನರ ಪಟ್ಟಿಗಳಿವೆ. ಪ್ಯಾರಿಸ್ ಪಕ್ಕದ ವ್ಯಾಂಸೆನ್ನಲ್ಲಿ ಫ್ರೆಂಚ್ ಸೇನೆಯ ಸಿಪಾಯಿಗಳ ರಿಜಿಸ್ಟರ್ ಇದೆ, ಅಪ್ಪ ಅಮ್ಮ, ಊರು, ಎತ್ತರ, ಮೂಗು ಹೇಗಿದೆ ಅನ್ನೋದು ಕೂಡ ಬರೆದಿರ್ತಾರೆ, ಅದು ಶುರುವಾಗೋದು 1716ರಿಂದ, ಹಾಗಾಗಿ ಮೈಸೂರಿನ ಅಮ್ಮನವರ 1665ರ ಹೂವಪ್ಪ ಅಲ್ಲಿ ಸಿಗಲ್ಲ, ನಿಮ್ಮವನು ಸಿಕ್ಕರೂ ಸಿಗಬಹುದು.

ಇಲ್ಲೇ ಹುಡುಕೋದಾದ್ರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ, ನಮ್ಮ ಜನ ದೊಡ್ಡ ಸ್ವಾಮಿಯವರು ಅಂತ ಕರೀತಿದ್ದವರು, 1823ರವರೆಗೂ ಈ ಸೀಮೆಯಲ್ಲೇ ಇದ್ದು ಚೆದುರಿ ಹೋಗಿದ್ದ ಕ್ರೈಸ್ತರನ್ನ ಒಟ್ಟು ಮಾಡಿದ್ರು, ಹಾಸನದ ಹತ್ರ ಸತ್ತಿಹಳ್ಳಿಯಲ್ಲಿ ಊರನ್ನೇ ಕಟ್ಟಿದ್ರು. ಶ್ರೀರಂಗಪಟ್ಟಣ, ಗಂಜಾಂ ಕಡೆ ಚರ್ಚಿಗೆ ಹೋಗಿ ಹಳೇ ಪುಸ್ತಕ ಎಲ್ಲಿಟ್ಟಿದೀರಿ ಅಂತ ಫಾದರ್‌ನ ಕೇಳಿ. ಅಲ್ಲೂ ಅಷ್ಟೇ ಮತ್ತೆ, ಫ್ರೆಂಚ್ ಹೆಸರು ಹುಡುಕಬೇಡಿ, ಅದು ಎರಡೇ ತಲೆಮಾರಿಗೆ ಅರುಳಪ್ಪನೋ ಚೌರಪ್ಪನೋ ಆಗಿರುತ್ತೆ. ಅವನನ್ನ ಕಟ್ಟಿಕೊಂಡ ಹೆಣ್ಣು ಯಾವ ಊರಿನವಳು ಅಂತ ನೋಡಿ.